ಟಿಡಿಸಿಎಸ್: ನಾಲ್ಕೈದು ನಿಮಿಷಕ್ಕೇ ‘ಇಂಪೀಡೆನ್ಸ್ ಹೈ’ (ಕರೆಂಟಿಗೆ ತಡೆ ಜಾಸ್ತಿ) ಅಂತ ನಿಲ್ಲುತ್ತದೆ

ಬದಿಯಡ್ಕ ಫಿಸಿಯೋ:
ಟಿಡಿಸಿಎಸ್, ಅಂದರೆ ತಲೆಯ ಮೇಲಿಂದ ಮಿದುಳಿಗೆ ಸಣ್ಣ ಕರೆಂಟ್ ಹಾಯಿಸುವ ಚಿಕಿತ್ಸೆ, ನ್ಯೂರಾಲಜಿಸ್ಟ್ ಬರೆದುಕೊಟ್ಟವರಿಗೆ ಮಾತ್ರ ಕೊಡುತ್ತಿದ್ದೇವೆ, ಎಲ್ಲರೂ ಎಪ್ಪತ್ತು ದಾಟಿದವರು. ಬಲಗೈ ಬೆರಳು ಚುರುಕಾಗಲಿ ಅಂತ ಆನೋಡ್ (ಪ್ಲಸ್ ಎಲೆಕ್ಟ್ರೋಡ್) ಸಿ3 ಮೇಲೆ, ಅಂದರೆ ತಲೆಯ ಎಡಬದಿಯಲ್ಲಿ ಬಲಗೈ ನಡೆಸುವ ಭಾಗದ ಮೇಲೆ, ಕ್ಯಾಥೋಡ್ (ಮೈನಸ್) ಬಲ ಹುಬ್ಬಿನ ಮೇಲೆ. 5×7 ಸೆಂ.ಮೀ. ಸ್ಪಾಂಜು, 2 ಮಿಲಿಆಂಪಿಯರ್, 20 ನಿಮಿಷ. ಹೆಂಗಸರಲ್ಲೇ ತೊಂದರೆ ಜಾಸ್ತಿ. ಹಣೆ ಉರಿ ಎನ್ನುವವರೂ ಉಂಟು. ಕೇಬಲ್ ಬದಲಿಸಿ ಆಯಿತು. ಇನ್ನೆಂತ ಮಾಡುವುದು?

ಕುಂಬಳೆ ಕೈಕಾಲು:
ಮಿಷನ್ ಸರಿ ಉಂಟು ಸರ್, ತಲೆಯ ತೆಂಗಿನೆಣ್ಣೆ ನೋಡಿ. ನಮ್ಮ ಕಡೆಯ ಅಜ್ಜಿಯಂದಿರು ಎಣ್ಣೆ ಹಾಕಿ ಬಾಚದೆ ಆಸ್ಪತ್ರೆಗೆ ಹೊರಡುವುದುಂಟಾ! ಮಿಷನ್ ಕರೆಂಟನ್ನು ಒಂದೇ ಮಟ್ಟದಲ್ಲಿ ಇಡಬೇಕು. ತಡೆ 5 ಕಿಲೋಓಮ್ ಇದ್ದರೆ 10 ವೋಲ್ಟ್ ಸಾಕು, 20 ಆದರೆ 40 ಬೇಕು. ವೋಲ್ಟೇಜ್ ಮಿತಿ ಮುಟ್ಟಿದ ಕೂಡಲೇ ಕಟ್.

ಹಿಂದಿನ ದಿನ ಶಾಂಪೂ, ಬೆಳಿಗ್ಗೆ ಎಣ್ಣೆ ಬೇಡ. ಕೂದಲು ಬಿಡಿಸಿ, ಚರ್ಮ ಕಾಣುವ ಹಾಗೆ ಮಾಡಿ ಸಲೈನ್ ಮುಟ್ಟಿಸಿ. ಉಜ್ಜಿ ಕೆರೆಯಬೇಡಿ, ವಯಸ್ಸಾದವರ ಚರ್ಮ ತೆಳು. ಗೀರಿದಲ್ಲಿ ಕರೆಂಟ್ ಒಟ್ಟಾಗಿ ನುಗ್ಗಿ ಸುಟ್ಟೀತು. ಬಾವಿನೀರು ಬೇಡ, 0.9% ಸಲೈನೇ ಆಗಬೇಕು. ಸ್ಪಾಂಜಿನ ಒಂದೊಂದು ಬದಿಗೆ ಸಿರಿಂಜಿನಲ್ಲಿ ಸುಮಾರು 6 ಎಂ.ಎಲ್. ತೊಟ್ಟಿಕ್ಕುವಷ್ಟು ಹಾಕಿದರೆ ನೀರು ಹಣೆಗಿಳಿದು ಎರಡು ಸ್ಪಾಂಜೂ ಕೂಡಿಕೊಳ್ಳುತ್ತವೆ, ಕರೆಂಟ್ ಚರ್ಮದ ಮೇಲೇ ದಾಟಿಹೋಗುತ್ತದೆ. ಫ್ಯಾನಿನ ನೇರ ಕೆಳಗೂ ಕೂರಿಸಬೇಡಿ, ಅಂಚು ಒಣಗುತ್ತದೆ. ಅರ್ಧದಲ್ಲಿ ಒಂದೆರಡು ಎಂ.ಎಲ್. ಬಿಟ್ಟರಾಯಿತು.

ಹಣೆ ಉರಿಗೆ: ರಬ್ಬರ್ ಎಲೆಕ್ಟ್ರೋಡಿನ ಮೂಲೆ ಸ್ಪಾಂಜಿನಿಂದ ಹೊರಗೆ ಇಣುಕಿ ಚರ್ಮಕ್ಕೆ ತಾಗುತ್ತದಾ ನೋಡಿ. ಸಣ್ಣ ತುರಿಕೆ ಸಹಜ. ಉರಿ ಏರುತ್ತಾ ಹೋದರೆ ಆ ದಿನಕ್ಕೆ ನಿಲ್ಲಿಸಿ.

ಬದಿಯಡ್ಕ ಫಿಸಿಯೋ:
ಎಣ್ಣೆ ತೆಗೆಸಿದ ಮೇಲೆ 6 ಕಿಲೋಓಮ್, 20 ನಿಮಿಷ ಪೂರ್ತಿ ಓಡಿತು. ಆದರೆ ಪೆಗ್ ಬೋರ್ಡ್ (ತೂತುಗಳಿಗೆ ಗೂಟ ಸಿಕ್ಕಿಸುವ ಬೆರಳಿನ ಪರೀಕ್ಷೆ) ಟೈಮ್ ಕೆಲವರಲ್ಲಿ ಕದಲುವುದೇ ಇಲ್ಲ.

ಉಪ್ಪಳ ಮೇಡಂ:
ಸಿ3 ಕಣ್ಣಂದಾಜಿಗೆ ಇಡುತ್ತೀರಾ? ಕಿವಿಯಿಂದ ಕಿವಿಗೆ ನೆತ್ತಿಯ ಮೇಲೆ ಟೇಪ್ ಹಿಡಿಯಿರಿ. 36 ಸೆಂ.ಮೀ. ಬಂದರೆ ನಡುಬಿಂದುವಿನಿಂದ ಎಡಕ್ಕೆ 20%, ಅಂದರೆ 7.2. ಪೆಗ್ ಅಭ್ಯಾಸವನ್ನು ಕರೆಂಟ್ ಹರಿಯುವಾಗಲೇ ಮಾಡಿಸಿ, ಸುಮ್ಮನೆ ಕೂರಿಸಿದರೆ ಹೆಚ್ಚು ಸಿಗದು. ಮಿದುಳು ಕುಗ್ಗಿದವರಲ್ಲಿ ತಲೆಬುರುಡೆಗೂ ಮಿದುಳಿಗೂ ನಡುವಿನ ದ್ರವ ಜಾಸ್ತಿ, ಒಳಗೆ ತಲುಪುವ ಕರೆಂಟ್ ಒಬ್ಬೊಬ್ಬರಿಗೆ ಒಂದೊಂದು. ಹಾಗಂತ 2 ಮಿಲಿಆಂಪಿಯರ್ ದಾಟಿಸಬೇಡಿ ಮಾರಾಯ್ರೆ.

ಮತ್ತೆ ಮದ್ದಿನ ಚೀಟಿ. ತಲೆಸುತ್ತಿಗೆ ಕೊಡುವ ಫ್ಲುನಾರಿಜಿನ್, ಫಿಟ್ಸಿಗೂ ಮುಖದ ನರದ ನೋವಿಗೂ ಕೊಡುವ ಕಾರ್ಬಮಜೆಪಿನ್, ಎರಡೂ ಆನೋಡಿನ ಪರಿಣಾಮವನ್ನು ಅಡಗಿಸುತ್ತವೆ. ಫಿಟ್ಸ್ ಇದ್ದವರಾದರೆ ಟಿಡಿಸಿಎಸ್ ಕೊಡಬಹುದಾ ಅಂತಲೇ ಮೊದಲು ಕೇಳಬೇಕು. ಮದ್ದು ನಿಲ್ಲಿಸಲು ನಾವು ಹೇಳುವ ಹಾಗಿಲ್ಲ, ಬರೆದ ಡಾಕ್ಟರಿಗೆ ಫೋನ್ ಮಾಡಿ.