ಪೇಪರ್ ಹಾಕಿದ ಮೇಲೆ ರಿಟೆನ್ಷನ್ ಬೋನಸ್ ಸಿಗುತ್ತಾ?

ಹೂಟಗಳ್ಳಿ ಹುಡುಗ:
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲೇ ಒಂದು ಕಂಪನಿಯಲ್ಲಿ ಆರು ವರ್ಷದಿಂದ ಇದ್ದೇನೆ. ಹೆಸರು ಬೇಡ. ಹೋದ ವರ್ಷ ನಮ್ಮ ಪ್ರಾಜೆಕ್ಟಿನಿಂದ ಒಬ್ಬೊಬ್ಬರೇ ಬೆಂಗಳೂರಿಗೆ ಹಾರಿಹೋದರು. ಆಗ ಉಳಿದಿದ್ದ ಒಂಬತ್ತು ಜನಕ್ಕೆ ಒಂದು ಲೆಟರ್ ಕೊಟ್ಟರು. 2026ರ ಮಾರ್ಚ್ 31ರವರೆಗೆ ಇದ್ದರೆ 1,80,000 ರೂಪಾಯಿ ರಿಟೆನ್ಷನ್ ಬೋನಸ್, ಮೇ ಸಂಬಳದ ಜೊತೆ. ಇದ್ದೆ. ಅದಕ್ಕೋಸ್ಕರ ಎರಡು ಆಫರ್ ಬಿಟ್ಟೆ. ಏಪ್ರಿಲ್ 7ಕ್ಕೆ ಪೇಪರ್ ಹಾಕಿದೆ, ಅಂದರೆ ರಾಜೀನಾಮೆ ಕೊಟ್ಟೆ. ನೋಟಿಸ್ 60 ದಿನ, ಜೂನ್ 5 ಕೊನೆಯ ದಿನ. ನಿನ್ನೆ ಎಚ್‌ಆರ್ ಕರೆದು, ನೋಟಿಸ್‌ನಲ್ಲಿರುವವರಿಗೆ ಬೋನಸ್ ಇಲ್ಲ ಅಂದರು. ಇದು ಸರಿನಾ?

ಕೂರ್ಗಳ್ಳಿ ಲೇತ್:
ಬೇಜಾರಾಗಬೇಡಿ ತಮ್ಮಾ, ನೇರವಾಗಿ ಹೇಳುತ್ತೇನೆ. ಅದರ ಹೆಸರಲ್ಲೇ ಇದೆಯಲ್ಲ, ಉಳಿಸಿಕೊಳ್ಳುವುದಕ್ಕೆ ಕೊಡುವ ದುಡ್ಡು. ನೀವು ಹೊರಟಿದ್ದೀರಿ. ಹೋಗುವವರಿಗೆ ಯಾಕೆ ಕೊಡಬೇಕು? ನನ್ನದೂ ಸಣ್ಣ ವರ್ಕ್‌ಶಾಪ್ ಇದೆ, ಹದಿನಾಲ್ಕು ಜನ. ಕೆಲಸ ಕಲಿಸಿ, ಕೈ ಕುದುರಿತು ಅನ್ನುವಾಗ ಬಿಟ್ಟು ಹೋಗುತ್ತಾರೆ. ಆ ಹೊಟ್ಟೆಯುರಿ ಸಂಬಳ ತಗೊಳ್ಳುವವರಿಗೆ ಗೊತ್ತಾಗಲ್ಲ.

ಮಂಡ್ಯ ಕಬ್ಬು:
ಅದೇನ್ ಮಾತು ಅಣ್ಣ. ಬೋನಸ್ ಅಂದ್ರೆ ದುಡಿದಿದ್ದಕ್ಕೆ ಕೊಡೋದು. ನಮ್ಮಪ್ಪ ಸಕ್ಕರೆ ಕಾರ್ಖಾನೆಯಲ್ಲಿದ್ದರು. ವರ್ಷದ ನಡುವೆ ಬಿಟ್ಟವರಿಗೂ ದುಡಿದಷ್ಟು ದಿನದ ಬೋನಸ್ ಬರುತ್ತೆ ಅನ್ನೋರು. 8.33 ಪರ್ಸೆಂಟ್ ಕಾನೂನಲ್ಲೇ ಇದೆ. ಕೇಸ್ ಹಾಕು ಹುಡುಗ.

ಪೇರೋಲ್ ಅಕ್ಕ:
ನಿಮ್ಮ ತಂದೆ ಹೇಳಿದ್ದು ಸರಿ, ಆದರೆ ಆ ಬೋನಸ್ ಬೇರೆ, ಈ ಬೋನಸ್ ಬೇರೆ. ಅದು 1965ರ ಬೋನಸ್ ಕಾಯ್ದೆಯದ್ದು. ವರ್ಷಕ್ಕೆ 30 ದಿನ ಕೆಲಸ ಮಾಡಿದ್ದರೆ ಸಾಕು, ಕನಿಷ್ಠ 8.33, ಗರಿಷ್ಠ 20 ಪರ್ಸೆಂಟ್. ಕಳ್ಳತನ, ಮೋಸ, ಹೊಡೆದಾಟ ಅಂತ ಕೆಲಸದಿಂದ ತೆಗೆದಿದ್ದರೆ ಮಾತ್ರ ಇಲ್ಲ. ರಾಜೀನಾಮೆ ಕೊಟ್ಟಿದ್ದಕ್ಕೆ ಅದು ಹೋಗುವುದಿಲ್ಲ. ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳದವರಿಗೆ ಅಂತ ಇತ್ತು. ಈಗ 2025ರ ನವೆಂಬರ್ 21ರಿಂದ ವೇತನ ಸಂಹಿತೆ ಅನ್ನೋ ಹೊಸ ಕಾಯ್ದೆ ಜಾರಿಯಾಗಿ, ಅದೆಲ್ಲ ಅದರೊಳಗೆ ಸೇರಿದೆ.

ರಿಟೆನ್ಷನ್ ಬೋನಸ್‌ಗೆ ಇಂಥ ಕಾಯ್ದೆಯೇನೂ ಇಲ್ಲ. ಅದು ನಿಮ್ಮ ಮತ್ತು ಕಂಪನಿ ನಡುವಿನ ಒಪ್ಪಂದ. ಲೆಟರ್‌ನಲ್ಲಿ ಏನು ಬರೆದಿದೆಯೋ ಅದೇ ಎಲ್ಲ. ಹದಿನೈದು ವರ್ಷ ಸಂಬಳದ ಲೆಕ್ಕ ಮಾಡಿದ್ದೇನೆ. ಇಂಥ ಜಗಳದಲ್ಲಿ ಮುಕ್ಕಾಲು ಪಾಲು ಜನ ಲೆಟರ್ ಓದದೇ ಬಂದಿರುತ್ತಾರೆ. ಎಚ್‌ಆರ್‌ನವರೂ ಸೇರಿ.

ಹುಡುಗ, ಲೆಟರ್‌ನಲ್ಲಿ ಇರುವ ಮಾತು ಇದ್ದ ಹಾಗೇ ಇಲ್ಲಿ ಹಾಕಿ.

ಸೀಸನ್ ಪಾಸ್:
ಅಕ್ಕ ಹೇಳಿದ್ದು ನಿಜ. ನಾನು ಓದದೇ ಕೆಟ್ಟವನು. ಮಂಡ್ಯದಿಂದ ಬೆಂಗಳೂರಿಗೆ ದಿನಾ ಓಡಾಡುವ ಗಿರಾಕಿ ನಾನು. ನನ್ನ ಹಳೇ ಕಂಪನಿ ಬೋನಸ್ ಮೊದಲೇ ಕೊಟ್ಟಿತ್ತು, 2,00,000. ಎರಡು ವರ್ಷದೊಳಗೆ ಬಿಟ್ಟರೆ ವಾಪಸ್ ಅಂತ ಷರತ್ತು. ಟ್ಯಾಕ್ಸ್ 31.2 ಪರ್ಸೆಂಟ್, ಅಂದರೆ 62,400 ಹಿಡಿದು ಕೈಗೆ ಬಂದಿದ್ದು 1,37,600. ಹದಿನೇಳನೇ ತಿಂಗಳಿಗೆ ಬಿಟ್ಟೆ. ವಾಪಸ್ ಕೇಳಿದ್ದು ಎಷ್ಟು ಗೊತ್ತಾ? ಪೂರ್ತಿ 2,00,000! ಹದಿನೇಳು ತಿಂಗಳು ದುಡಿದಿದ್ದಕ್ಕೆ ಬಿಡಿಗಾಸು ಬಿಡಲಿಲ್ಲ. ನೋಡದೇ ಇರೋ ದುಡ್ಡನ್ನೂ ನಾನೇ ಕಟ್ಟಬೇಕಾಯಿತು. ಲೆಟರ್‌ನಲ್ಲಿ ತಿಂಗಳ ಲೆಕ್ಕದಲ್ಲಿ ಕಡಿತ ಅನ್ನೋ ಮಾತೇ ಇರಲಿಲ್ಲ. ಸಹಿ ಹಾಕುವಾಗ ಮೊತ್ತ ಮಾತ್ರ ನೋಡಿದ್ದೆ.

ಪೇರೋಲ್ ಅಕ್ಕ:
ಅದೇ ಹಣಕಾಸು ವರ್ಷದಲ್ಲಿ ವಾಪಸ್ ಆಗಿದ್ದರೆ ಉಳಿದ ತಿಂಗಳ ಸಂಬಳದಲ್ಲಿ ಹಿಡಿಯುವ ಟ್ಯಾಕ್ಸ್, ಅಂದರೆ ಟಿಡಿಎಸ್‌ನಲ್ಲಿ ಸರಿಮಾಡಬಹುದಿತ್ತು. ಮಾರ್ಚ್ ದಾಟಿದರೆ ಅದು ದೊಡ್ಡ ತಲೆನೋವು. ಮೊದಲೇ ದುಡ್ಡು ಕೊಡುತ್ತಾರೆ ಅಂದಾಗ ಎರಡು ವಿಷಯ ಕೇಳಬೇಕು. ವಾಪಸ್ ಕೊಡಬೇಕಾಗಿ ಬಂದರೆ ಕೈಗೆ ಬಂದಷ್ಟಾ, ಪೂರ್ತಿನಾ? ಇದ್ದ ತಿಂಗಳಿಗೆ ಕಳೆಯುತ್ತೀರಾ? ಬಾಯಿಮಾತಲ್ಲಿ ಅಲ್ಲ, ಮೇಲ್‌ನಲ್ಲಿ.

ಹೂಟಗಳ್ಳಿ ಹುಡುಗ:
ಲೆಟರ್ ಇಂಗ್ಲಿಷಿನಲ್ಲಿದೆ. ಅರ್ಥ ಕೆಡದ ಹಾಗೆ ಬರೆಯುತ್ತೇನೆ. 'ಮಾರ್ಚ್ 31, 2026ರವರೆಗೆ ಸತತವಾಗಿ ಸೇವೆಯಲ್ಲಿದ್ದರೆ ನೌಕರ ಈ ಬೋನಸ್‌ಗೆ ಅರ್ಹ.' ಆಮೇಲೆ, 'ಪಾವತಿಯ ದಿನ ನೌಕರ ಕಂಪನಿಯ ರೋಲ್‌ನಲ್ಲಿ ಇರಬೇಕು.' ರೋಲ್ ಅಂದರೆ ನೌಕರರ ಪಟ್ಟಿ. ಕೊನೆಯಲ್ಲಿ, 'ಯೋಜನೆಯನ್ನು ಬದಲಿಸುವ ಹಕ್ಕು ಕಂಪನಿಗೆ ಇದೆ.' ಇಷ್ಟೇ.

ಪೇರೋಲ್ ಅಕ್ಕ:
'ನೋಟಿಸ್‌ನಲ್ಲಿ ಇರಬಾರದು' ಅನ್ನೋ ಸಾಲು ಎಲ್ಲೂ ಇಲ್ವಾ? ಇನ್ನೊಂದು ಸಲ ನೋಡಿ. ತುಂಬಾ ಕಂಪನಿಗಳು ಅದನ್ನೇ ಬೇರೆಯಾಗಿ ಬರೆಯುತ್ತವೆ. ರೋಲ್‌ನಲ್ಲಿ ಇರಬೇಕು, ರಾಜೀನಾಮೆಯನ್ನೂ ಕೊಟ್ಟಿರಬಾರದು ಅಂತ.

ಹೂಟಗಳ್ಳಿ ಹುಡುಗ:
ಇಲ್ಲ ಅಕ್ಕ. ಆಫರ್ ಲೆಟರ್, ಎಚ್‌ಆರ್ ಪಾಲಿಸಿ ಎರಡೂ ನೋಡಿದೆ. ಪಾಲಿಸಿಯಲ್ಲಿ ವರ್ಷದ ಪರ್ಫಾರ್ಮೆನ್ಸ್ ಬೋನಸ್‌ಗೆ ಆ ಮಾತು ಇದೆ. ರಿಟೆನ್ಷನ್‌ಗೆ ಇಲ್ಲ.

ಪೇರೋಲ್ ಅಕ್ಕ:
ಹಾಗಾದರೆ ಕೇಳಿ. ನೋಟಿಸ್‌ನಲ್ಲಿರುವವರೂ ರೋಲ್‌ನಲ್ಲೇ ಇರುತ್ತಾರೆ. ಸಂಬಳ ಬರುತ್ತೆ, ಪಿಎಫ್ ಕಟ್ಟುತ್ತಾರೆ. ರೋಲ್‌ನಿಂದ ಹೆಸರು ಹೋಗುವುದು ಕೊನೆಯ ದಿನ ಮುಗಿದ ಮೇಲೆ. ಮೇ 31 ಈ ಸಲ ಭಾನುವಾರ, ಸಂಬಳ 29ಕ್ಕೇ ಬರಬಹುದು. ನೀವು ಜೂನ್ 5ರವರೆಗೆ ಇರುತ್ತೀರಿ. ಅವರೇ ಬರೆದ ಎರಡೂ ಷರತ್ತು ಪೂರ್ತಿಯಾಗುತ್ತೆ.

ಕೂರ್ಗಳ್ಳಿ ಲೇತ್:
ಇದೆಲ್ಲ ಅಕ್ಷರದ ಆಟ ಆಯಿತು. ಕಂಪನಿಯ ಉದ್ದೇಶ ಏನಿತ್ತು ಅಂತ ನೋಡಬೇಕಲ್ವಾ?

ಕೋರ್ಟ್ ರಸ್ತೆ:
ಸರ್, ಉದ್ದೇಶವೂ ಅಕ್ಷರದಲ್ಲೇ ಇದೆ. ಮಾರ್ಚ್ 31ರವರೆಗೆ ಇವರು ಬೇಕಿತ್ತು, ಇದ್ದರು. ಕಂಪನಿಗೆ ಬೇಕಾದದ್ದು ಸಿಕ್ಕಿತು. ಎರಡು ತಿಂಗಳ ಆಮೇಲೆ ಕೊಡುತ್ತೇವೆ ಅಂದಿದ್ದು ಪಾವತಿಯ ಅನುಕೂಲಕ್ಕೆ. ಜೂನ್‌ವರೆಗೂ ಬೇಕಿದ್ದರೆ ಜೂನ್ ಅಂತಲೇ ಬರೆಯಬಹುದಿತ್ತು. ಎರಡು ಅರ್ಥ ಬರುವ ಮಾತಿದ್ದರೆ ಅದನ್ನು ಬರೆದವರ ವಿರುದ್ಧ ಓದುವುದು ಹಳೇ ಪದ್ಧತಿ.

ಆದರೆ ಹುಡುಗರೇ, ಕೊನೆಯ ಸಾಲಿದೆಯಲ್ಲ, 'ಬದಲಿಸುವ ಹಕ್ಕು', ಕಂಪನಿ ಅದನ್ನೇ ಹಿಡಿದುಕೊಳ್ಳುತ್ತದೆ. ಕೆಲಸ ಪೂರ್ತಿ ಮಾಡಿಸಿಕೊಂಡ ಮೇಲೆ ಬದಲಿಸಿದೆವು ಅಂದರೆ ನ್ಯಾಯಾಧೀಶರು ಸುಲಭವಾಗಿ ಒಪ್ಪಲಿಕ್ಕಿಲ್ಲ. ಹಾಗಂತ ಗೆದ್ದೇ ಗೆಲ್ಲುತ್ತೀರಿ ಅಂತ ನಾನು ಬರೆದುಕೊಡುವುದಿಲ್ಲ.

ಮಂಡ್ಯ ಕಬ್ಬು:
ಸುಪ್ರೀಂ ಕೋರ್ಟು ಬಾಂಡ್ ವಿಷಯದಲ್ಲಿ ಬ್ಯಾಂಕ್ ಪರ ಹೇಳಿತಂತಲ್ಲ? ಅದು ಇವನಿಗೆ ಮುಳುವಾಗಲ್ವಾ?

ಕೋರ್ಟ್ ರಸ್ತೆ:
ವಿಜಯಾ ಬ್ಯಾಂಕ್ ಪ್ರಕರಣ. ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಷರತ್ತು. ನಮ್ಮ ಹೈಕೋರ್ಟ್ ನೌಕರನ ಪರ ಹೇಳಿತ್ತು. 2025ರ ಮೇ 14ರಂದು ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಅದು ಸರ್ಕಾರಿ ಬ್ಯಾಂಕ್, ಮತ್ತೆ ನೇಮಕಾತಿ ಮಾಡುವ ಖರ್ಚು, ಇದೆಲ್ಲ ಲೆಕ್ಕಕ್ಕೆ ಬಂತು. ಆ ತೀರ್ಪು ಸೀಸನ್ ಪಾಸ್ ಅವರ ಕಥೆಗೆ ಹತ್ತಿರ, ಇವರದಕ್ಕೆ ಅಲ್ಲ. ಅಲ್ಲಿ ನೌಕರ ಕೊಡಬೇಕಿತ್ತು, ಇಲ್ಲಿ ಕಂಪನಿ ಕೊಡಬೇಕು. ಅಸಲಿಗೆ ಆ ತೀರ್ಪಿನ ಬುಡದಲ್ಲಿರುವುದೂ ಒಪ್ಪಿ ಸಹಿ ಹಾಕಿದ್ದಕ್ಕೆ ಬದ್ಧರಾಗಿರಿ ಅನ್ನುವುದೇ. ಅದು ಕಂಪನಿಗೂ ಅನ್ವಯಿಸುತ್ತದೆ.

ಹೂಟಗಳ್ಳಿ ಹುಡುಗ:
ಇವತ್ತು ಒಂದು ಬೆಳವಣಿಗೆ. ಎಚ್‌ಆರ್ ತಾವೇ ಫೋನ್ ಮಾಡಿದರು. ಪೂರ್ತಿ ನೋಟಿಸ್ ಏನೂ ಬೇಡ, ಮೇ 15ಕ್ಕೇ ರಿಲೀವ್ ಮಾಡುತ್ತೇವೆ, ಬೇಗ ಹೊಸ ಕಡೆ ಸೇರಿಕೊಳ್ಳಿ ಅಂದರು. ಮನೆಯಲ್ಲೂ ಖುಷಿ. ಒಳ್ಳೆಯವರು ಅನ್ನಿಸಿತು.

ಪೇರೋಲ್ ಅಕ್ಕ:
ಅಯ್ಯೋ, ಹ್ಞೂಂ ಅಂದುಬಿಟ್ರಾ?

ಹೂಟಗಳ್ಳಿ ಹುಡುಗ:
ಯೋಚಿಸಿ ಹೇಳುತ್ತೇನೆ ಅಂದೆ. ಯಾಕಕ್ಕ?

ಸೀಸನ್ ಪಾಸ್:
15ಕ್ಕೆ ಬಿಟ್ಟರೆ 29ಕ್ಕೆ ರೋಲ್‌ನಲ್ಲಿ ಎಲ್ಲಿರ್ತೀಯಪ್ಪಾ!

ಪೇರೋಲ್ ಅಕ್ಕ:
ಅದೇ. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಇಲ್ಲ ಅನ್ನಲ್ಲ. ಆದರೆ ನೀವು ಒಪ್ಪಿ ಮೇಲ್ ಹಾಕಿದರೆ 'ನೌಕರನೇ ಬೇಗ ಬಿಡಲು ಕೇಳಿದ' ಅಂತ ಫೈಲಿಗೆ ಹೋಗುತ್ತೆ. ಆಮೇಲೆ ರೋಲ್ ಷರತ್ತು ನಿಮ್ಮ ಕಾಲಿಗೇ ಸುತ್ತಿಕೊಳ್ಳುತ್ತೆ. ಇವತ್ತೇ ಸಣ್ಣದಾಗಿ ಒಂದು ಮೇಲ್ ಕಳಿಸಿ. ಧನ್ಯವಾದ, ನಾನು ಜೂನ್ 5ರವರೆಗೆ ಪೂರ್ತಿ ನೋಟಿಸ್ ಮುಗಿಸುತ್ತೇನೆ, ಮಾರ್ಚ್ 31ರ ಷರತ್ತು ಪೂರೈಸಿದ್ದೇನೆ, ಬೋನಸ್ ಇಲ್ಲ ಅನ್ನುವುದಾದರೆ ಯಾವ ಸಾಲಿನ ಪ್ರಕಾರ ಅಂತ ತಿಳಿಸಿ. ಅಷ್ಟೇ. ಕೋಪ ಬೇಡ, ವಕೀಲರ ಹೆಸರು ಬೇಡ. ಲೆಟರ್, ಪೇಸ್ಲಿಪ್, ಮೇಲ್ ಎಲ್ಲದರ ಪ್ರತಿ ನಿಮ್ಮ ಹತ್ತಿರ ಇರಲಿ. ಲ್ಯಾಪ್‌ಟಾಪ್ ಕೊಟ್ಟ ಮೇಲೆ ಹುಡುಕಿದರೆ ಸಿಗಲ್ಲ.

ಕೋರ್ಟ್ ರಸ್ತೆ:
ಫುಲ್ ಅಂಡ್ ಫೈನಲ್, ಅಂದರೆ ಕೊನೆಯ ಲೆಕ್ಕ ಚುಕ್ತಾ ಮಾಡುವ ಕಾಗದದಲ್ಲಿ 'ಇನ್ನು ಯಾವ ಬಾಕಿಯೂ ಇಲ್ಲ' ಅಂತ ಇರುತ್ತದೆ. ಬೋನಸ್ ಬಂದಿರದಿದ್ದರೆ ಸುಮ್ನೆ ಸಹಿ ಹಾಕಬೇಡಿ, 'ರಿಟೆನ್ಷನ್ ಬೋನಸ್ ಬಾಕಿ' ಅಂತ ಪಕ್ಕದಲ್ಲಿ ಬರೆದು ಹಾಕಿ. ವೇತನ ಸಂಹಿತೆ ಪ್ರಕಾರ ಕೆಲಸ ಬಿಟ್ಟ ಎರಡು ಕೆಲಸದ ದಿನದೊಳಗೆ ವೇತನ ಕೊಡಬೇಕು. ಈ ಬೋನಸ್ ಅಲ್ಲಿನ 'ವೇತನ'ದೊಳಗೆ ಬರುತ್ತದೆಯೇ ಅನ್ನುವುದೇ ಒಂದು ವಾದದ ವಿಷಯ, ಅದನ್ನು ನೆಚ್ಚಿಕೊಳ್ಳಬೇಡಿ. ಒಪ್ಪಂದದ ಹಣ ಅಂತ ಕೇಳಲು ಮೂರು ವರ್ಷ ಸಮಯ ಇದೆ. 1,80,000ಕ್ಕೆ ಕೋರ್ಟು ಅಲೆಯುವುದು ಲಾಭವಾ ಅಂದರೆ, ನನ್ನ ಹೊಟ್ಟೆಪಾಡಿನ ವಿರುದ್ಧವೇ ಮಾತಾಡುತ್ತೇನೆ, ಮೊದಲು ಮೇಲ್‌ನಲ್ಲಿ ಮುಗಿಸಿಕೊಳ್ಳಿ.

ಹೂಟಗಳ್ಳಿ ಹುಡುಗ:
ಮೇಲ್ ಹಾಕಿದೆ. ಎರಡು ದಿನ ಸದ್ದಿಲ್ಲ. ಇವತ್ತು ಉತ್ತರ ಬಂತು. 'ಜೂನ್ 5 ಒಪ್ಪಿಗೆ. ಬೋನಸ್ ವಿಷಯ ಲೀಗಲ್ ಟೀಮ್ ನೋಡುತ್ತಿದೆ.' ಯಾವ ಸಾಲು ಅಂತ ಹೇಳಿಲ್ಲ.

ಪೇರೋಲ್ ಅಕ್ಕ:
ಸಾಲು ಸಿಕ್ಕಿದ್ದರೆ ಹೇಳುತ್ತಿದ್ದರು. 29ಕ್ಕೆ ಏನಾಯಿತು ಅಂತ ಇಲ್ಲೇ ಬರೆಯಿರಿ.

ಕೂರ್ಗಳ್ಳಿ ಲೇತ್:
ಅಕ್ಕಾ, ಒಂದು ಸಹಾಯ. ಎರಡು ದಿನದಿಂದ ಇದೇ ತಲೆಯಲ್ಲಿದೆ. ಒಂದು ದೊಡ್ಡ ಆರ್ಡರ್ ಮುಗಿಯುವವರೆಗೆ ನಿಲ್ಲಲಿ ಅಂತ ನಮ್ಮ ಇಬ್ಬರು ಹುಡುಗರಿಗೆ ನಾನೂ ಒಂದು ಕಾಗದ ಕೊಟ್ಟಿದ್ದೆ. ದೀಪಾವಳಿಗೆ ತಲಾ 25,000. ಅದರಲ್ಲೂ 'ರೋಲ್‌ನಲ್ಲಿ ಇರಬೇಕು' ಅಂತಲೇ ಇದೆ. ಆಡಿಟರ್ ಆಫೀಸಿನ ಹುಡುಗ ಟೈಪ್ ಮಾಡಿಕೊಟ್ಟಿದ್ದು. ಆರ್ಡರ್ ಆಗಸ್ಟ್‌ಗೇ ಮುಗಿಯುತ್ತೆ. ಒಬ್ಬ ಸೆಪ್ಟೆಂಬರ್‌ನಲ್ಲಿ ಊರಿಗೆ ಹೋಗುತ್ತೇನೆ ಅನ್ನುತ್ತಿದ್ದಾನೆ. ಇವನಿಗೆ ಕೊಡಬೇಕಾ?

ಪೇರೋಲ್ ಅಕ್ಕ:
ನಿಮ್ಮ ಕಾಗದದ ಪ್ರಕಾರ ಬೇಡ ಸರ್. ದೀಪಾವಳಿಗೆ ಅವನು ರೋಲ್‌ನಲ್ಲಿ ಇರಲ್ಲ. ಆದರೆ ನಿಮಗೆ ಬೇಕಿದ್ದದ್ದು ಆರ್ಡರ್ ತಾನೆ?

ಕೂರ್ಗಳ್ಳಿ ಲೇತ್:
ಹೌದು, ಆರ್ಡರ್ರೇ. ಕಾಗದ ತಿದ್ದಬಹುದಾ?