ಅಪ್‌ಡೇಟ್: ಹುಡುಗನಿಗೆ ಹೆಪಟೈಟಿಸ್ ಬಿ ಇದೆ, ಏನು ಮಾಡಲಿ ಅಂತ ಕೇಳಿದ್ದೆ

ನಾನು ಪ್ರೀತಿಸುವ ಹುಡುಗನಿಗೆ ಹೆಪಟೈಟಿಸ್ ಬಿ (ಲಿವರಿಗೆ ತಗಲುವ ವೈರಸ್ ಸೋಂಕು) ಇದೆ, ಮುಂದುವರಿಯಬಹುದಾ ಅಂತ ಕೇಳಿದ್ದೆ ಅಲ್ವಾ? ಮುಂದುವರಿದಿದ್ದೇವೆ. "ಮೊದಲು ನಿನ್ನ ರಕ್ತ ಪರೀಕ್ಷೆ, ಆಮೇಲೆ ಲಸಿಕೆ" ಅಂದವರ ಸಲಹೆಯೇ ಕೆಲಸಕ್ಕೆ ಬಂತು. ಹುಬ್ಬಳ್ಳಿಯಲ್ಲೇ ಇಬ್ಬರೂ ಹೋಗಿ ಡಾಕ್ಟರನ್ನು ಕಂಡೆವು. ನನಗೆ ಸೋಂಕಿಲ್ಲ, ಆದರೆ ರಕ್ಷಣೆಯೂ ಇಲ್ಲ. ಮೊದಲ ಡೋಸ್ ಆಯಿತು. ಇದಾಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಅದಾದ ಒಂದೆರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ ಪರೀಕ್ಷೆ, ಅಂದ್ರೆ ಲಸಿಕೆ ಕೆಲಸ ಮಾಡಿದೆಯಾ ಅಂತ ನೋಡುವ ರಕ್ತ ಪರೀಕ್ಷೆ. ರಿಪೋರ್ಟಿನಲ್ಲಿ 10 ಅಥವಾ ಜಾಸ್ತಿ ಬಂದರೆ ರಕ್ಷಣೆ ಸಿಕ್ಕಂತೆ. ಅಲ್ಲಿವರೆಗೆ ಕಾಂಡೋಮ್ ಬೇಕೇ ಬೇಕು. ರೇಜರ್, ಟೂತ್‌ಬ್ರಷ್ ಯಾವತ್ತೂ ಬೇರೆ ಬೇರೆ.

ಒಂದೇ ಪ್ಲೇಟಿನಲ್ಲಿ ಗಿರ್ಮಿಟ್ ತಿನ್ನಬಹುದಾ ಅಂತ ಕೇಳಿದೆ. ಡಾಕ್ಟರ್ ನಕ್ಕು, ಧಾರಾಳವಾಗಿ ತಿನ್ನಿ ಅಂದರು. ಊಟ, ಅಪ್ಪುಗೆಯಿಂದ ಇದು ಹರಡುವುದಿಲ್ಲ. ಹಾಗಾಗಿ ತಟ್ಟೆ, ಲೋಟ ಬೇರೆ ಇಡು ಅನ್ನೋ ಸಲಹೆ ಸುಮ್ನೆ. ನಾಟಿ ಔಷಧಿ ಕುಡಿಸು ಅಂದಿದ್ದರಲ್ಲ, ಅದನ್ನೂ ಬಿಟ್ಟೆವು. ಅಂಥ ಕೆಲವು ಔಷಧಿ ಲಿವರಿಗೇ ಪೆಟ್ಟು ಕೊಡುತ್ತವಂತೆ.

ನಮಗೆ ಆಶ್ಚರ್ಯ ಆಗಿದ್ದು ಇನ್ನೊಂದು. ಇದು ಹೆರಿಗೆ ಸಮಯದಲ್ಲಿ ತಾಯಿಯಿಂದ ಮಗುವಿಗೂ ಬರುತ್ತದೆ. ಹಾಗಾಗಿ ಅವನ ಮನೆಯವರೆಲ್ಲ ಪರೀಕ್ಷೆ ಮಾಡಿಸಿದಾಗ ಅವನ ಅವ್ವನಿಗೂ ಪಾಸಿಟಿವ್ ಬಂತು. ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ಮುಂದಿನ ವಾರ ಅವರ ಲಿವರ್ ಸ್ಕ್ಯಾನ್ ಇದೆ, ನಾನೂ ಜೊತೆಗೆ ಹೋಗುತ್ತಿದ್ದೇನೆ.