ಹೊಸ ಟೈರ್ ಆಮೇಲೆ, ಮೊದಲು ಕಾರಣ ನೋಡು

ಪುಟ್ಟಾ, ನಿನ್ನ ಮೆಸೇಜ್ ಈಗ ನೋಡಿದೆ. ಟೈಪ್ ಮಾಡೋಕೆ ಕೂತರೆ ನನಗೆ ಸಂಜೆಯಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಪೂರ್ತಿ ಕೇಳು, ನಿಮ್ಮಪ್ಪನ ಹಾಗೆ ಅರ್ಧಕ್ಕೆ ನಿಲ್ಲಿಸಿ "ಸರಿ ಅತ್ತಿಗೆ" ಅಂತ ಹಾಕಬೇಡ.

ಬ್ರೇಕ್ ಹಾಕಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು, ಬ್ರೇಕ್ ಪ್ಯಾಡ್ ಬದಲಾಯಿಸಿದರು, ಈಗ ನೋಡಿದರೆ ಮುಂದಿನ ಎಡಗಡೆ ಟೈರಿನ ಒಳ ಅಂಚು ಸವೆದುಹೋಗಿದೆ, ನಾಳೆಯೇ ಹೊಸದು ಹಾಕಿಸಲಾ ಅಂತ ಕೇಳಿದ್ದೀಯ. ಬೇಡ. ಯಾಕೆ ಸವೆಯಿತು ಅಂತ ಗೊತ್ತಾಗದೆ ಹೊಸ ಟೈರ್ ಹಾಕಿಸಬೇಡ.

ನಮ್ಮ ಬಿಳಿ ಕಾರು ನಿಮಗೆಲ್ಲ ನೆನಪಿದೆಯಲ್ಲ, ಹಿಂದಿನ ಸೀಟಲ್ಲಿ ನೀವೆಲ್ಲ ಕಿಟಕಿಗೆ ಜಗಳ ಆಡುತ್ತಿದ್ದದ್ದು. ಅದಕ್ಕೂ ಥೇಟ್ ಇದೇ ರೋಗ. ಬ್ರೇಕ್ ಒತ್ತಿದ ತಕ್ಷಣ ಸ್ಟಿಯರಿಂಗ್ ಒಂದು ಕಡೆ ಕಿತ್ತುಕೊಂಡು ಹೋಗುತ್ತಿತ್ತು. ಗ್ಯಾರೇಜಿನವನು ಚಕ್ರ ಬಿಚ್ಚಿ ಪ್ಯಾಡ್ ಹಾಕಿದ. ಎರಡು ದಿನ ಚೆನ್ನಾಗಿದೆ ಅನ್ನಿಸಿತು, ಮತ್ತೆ ಶುರು. ಆಮೇಲೆ ಕ್ಯಾಲಿಪರ್, ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ, ಹೋಗಿದೆ ಅಂದ, ಅದನ್ನೂ ಬದಲಾಯಿಸಿದ. ಟೈರ್ ಸವೆದಿದೆ ಅಂದ, ಹೊಸ ಟೈರೂ ಬಂತು. ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಸರಿ ಮಾಡುವುದು, ಅದನ್ನು ಮಾಡಿಸಿ ಅಂದ, ಮಾಡಿಸಿದೆವು. ಸ್ವಲ್ಪ ದಿನ ಕಳೆದು ನೋಡಿದರೆ ಆ ಹೊಸ ಟೈರಿನ ಒಳ ಅಂಚಲ್ಲಿ ರಬ್ಬರ್ ಒಳಗಿನ ತಂತಿ ಕಾಣುತ್ತಿದೆ! ಹೊರಗಿನಿಂದ ನೋಡಿದರೆ ಗ್ರಿಪ್ಪು ಹೊಸದರ ಹಾಗೇ ಇತ್ತು. ಯಾರೂ ಬಗ್ಗಿ ಒಳಗಡೆ ನೋಡಿರಲಿಲ್ಲ. ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿಟ್ಟರೆ ಒಳ ಅಂಚು ಹೊರಗೆ ಬಂದು ಕಾಣುತ್ತದೆ, ಅಷ್ಟೂ ಮಾಡಿರಲಿಲ್ಲ.

ಕೊನೆಗೆ ಬೇರೆ ಕಡೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಸಿಕ್ಕಿದ. ಟೈರ್ ನೋಡಿದ, ಬ್ರೇಕ್ ಮುಟ್ಟಲೇ ಇಲ್ಲ. ಕಾರು ಎತ್ತಿ, ಉದ್ದ ಸರಳು ತೂರಿಸಿ ಕೆಳಗಿನ ಆರ್ಮನ್ನು, ಅಂದರೆ ಚಕ್ರವನ್ನು ಕಾರಿಗೆ ಸೇರಿಸುವ ತೋಳನ್ನು, ಮೀಟಿದ. ಅದು ಹಿಂದಕ್ಕೂ ಮುಂದಕ್ಕೂ ಸಲೀಸಾಗಿ ಆಡಿತು. ಲೋವರ್ ಆರ್ಮ್‌ನ ಬುಷ್ ಹರಿದುಹೋಗಿತ್ತು. ಬುಷ್ ಅಂದರೆ ಆರ್ಮನ್ನು ಜಾಗದಲ್ಲಿ ಹಿಡಿದಿಡುವ ರಬ್ಬರ್. ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಸರಿಯುತ್ತಿತ್ತು, ಸರಿದಾಗ ಅದರ ಮುಖ ಬೇರೆ ಕಡೆ ತಿರುಗುತ್ತಿತ್ತು. ಕಾರು ಎಳೆದದ್ದೂ ಅದಕ್ಕೇ, ಅಂಚು ಸವೆದದ್ದೂ ಅದಕ್ಕೇ. ಬ್ರೇಕಿನದು ಏನೂ ತಪ್ಪಿರಲಿಲ್ಲ ಪಾಪ! ಬುಷ್ ಸಡಿಲ ಇರುವಾಗ ಅಲೈನ್‌ಮೆಂಟ್ ಮಾಡಿಸಿದರೆ, ಕಾರು ನಿಂತಾಗ ಮಷಿನ್ ಸರಿ ತೋರಿಸುತ್ತದೆ. ಓಡುವಾಗ ಯಾರು ನೋಡುತ್ತಾರೆ? ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಕಾರಣ ಗೊತ್ತಾಗದೆ ಹೊಸ ಟೈರ್ ಹಾಕಿಸಬೇಡ. ಅದನ್ನೂ ಅದೇ ರೋಗ ತಿಂದುಹಾಕುತ್ತದೆ.

ಈಗ ಹೇಳಿಯೇ ಬಿಡುತ್ತೇನೆ, ಗುಂಪಲ್ಲಿ ಎಲ್ಲರೂ ಇದ್ದೀರಲ್ಲ. ಆಗ ನಿಮ್ಮ ಚಿಕ್ಕಪ್ಪ ಏನಂದಿದ್ದ ಗೊತ್ತಾ? "ಅತ್ತಿಗೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾರೆ, ಇನ್ನೇನಾಗುತ್ತದೆ" ಅಂತ. ಎಲ್ಲರೂ ನಕ್ಕರು. ಆ ಗ್ಯಾರೇಜಿನವನು ಬೇರೆ! ಓಡಿಸುವವಳು ನಾನು, ಎಳೆಯುವುದು ಗೊತ್ತಿರುವುದು ನನಗೆ. ಅವನು ಪ್ರಶ್ನೆಯೆಲ್ಲ ಕೇಳಿದ್ದು ನಿಮ್ಮ ದೊಡ್ಡಪ್ಪನನ್ನು. ಅವರಿಗೆ ಕ್ಲಚ್ ಯಾವುದು ಬ್ರೇಕ್ ಯಾವುದು ಗೊತ್ತಿಲ್ಲ, ಜನ್ಮದಲ್ಲಿ ಸ್ಟಿಯರಿಂಗ್ ಹಿಡಿದವರಲ್ಲ. ಆದರೂ ತಲೆ ಆಡಿಸಿಕೊಂಡು ನಿಂತಿದ್ದರು. ಬ್ರೇಕ್ ಮೇಲೆ ಕಾಲಿಟ್ಟು ಓಡಿಸಿದರೆ ಒಂದೇ ಟೈರ್, ಅದೂ ಒಂದೇ ಅಂಚು ಸವೆಯುತ್ತದಾ? ಆ ಪ್ರಶ್ನೆ ನಾನು ಆಗಲೂ ಕೇಳಿದ್ದೆ. ಬುಷ್ ಸಿಕ್ಕಿದ ಮೇಲೆ ಒಬ್ಬನಾದರೂ "ನೀವು ಹೇಳಿದ್ದೇ ಸರಿ" ಅಂದನಾ? ಇಲ್ಲ. ಇವತ್ತಿಗೂ ನಾನು ಕೀ ಕೈಗೆತ್ತಿಕೊಂಡರೆ ಚಿಕ್ಕಪ್ಪ "ಸೀಟ್‌ಬೆಲ್ಟ್ ಗಟ್ಟಿ ಹಾಕಿಕೊಳ್ಳಿ" ಅನ್ನುತ್ತಾನೆ. ಹೋಗಲಿ ಬಿಡಿ. ಕೇಳುತ್ತಿದ್ದರೆ ಕೇಳಲಿ ಅಂತಲೇ ಹೇಳಿದೆ.

ಎಲ್ಲಿದ್ದೆ? ಹಾಂ, ನಿನ್ನ ಟೈರ್. ನಿನ್ನದೂ ಬುಷ್ಶೇ ಅಂತ ನಾನು ಹೇಳುತ್ತಿಲ್ಲ. ಬ್ರೇಕೇ ಹಿಡಿದುಕೊಂಡಿದ್ದರೆ ಅದರ ಗುರುತೇ ಬೇರೆ. ಜಾಸ್ತಿ ಬ್ರೇಕ್ ಹಾಕದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸು. ಎಡ, ಬಲ ಎರಡೂ ಮುಂದಿನ ಚಕ್ರದ ಹತ್ತಿರ ಕೈ ಹಿಡಿದು ನೋಡು, ಮುಟ್ಟಬೇಡ, ಸುಡುತ್ತದೆ. ಒಂದು ಕಡೆ ಮಾತ್ರ ಝಳ ಹೊಡೆದರೆ, ಸುಟ್ಟ ವಾಸನೆ ಬಂದರೆ, ಆ ಕಡೆ ಬ್ರೇಕ್ ಬಿಡುತ್ತಿಲ್ಲ. ಕ್ಯಾಲಿಪರ್ ಜಾರುವ ಪಿನ್ ತುಕ್ಕು ಹಿಡಿದಿರಬಹುದು, ಪ್ಯಾಡನ್ನು ಒತ್ತುವ ಪಿಸ್ಟನ್ ಸಿಕ್ಕಿಕೊಂಡಿರಬಹುದು, ಇಲ್ಲಾ ರಬ್ಬರ್ ಹೋಸ್ ಒಳಗೆ ಕೆಟ್ಟು ಆಯಿಲ್ ವಾಪಸ್ ಬರದೇ ಇರಬಹುದು. ಪ್ಯಾಡ್ ಬದಲಾಯಿಸಿದಾಗ ಪಿನ್ ಬಿಚ್ಚಿ ಒರೆಸಿ ಗ್ರೀಸ್ ಹಾಕಿದರಾ ಅಂತ ಕೇಳು. ಆ ಒಂದು ಚಕ್ರದ ಹಳೇ ಪ್ಯಾಡ್ ಎರಡೂ ಇದ್ದರೆ ಅಕ್ಕಪಕ್ಕ ಇಟ್ಟು ನೋಡು, ಒಂದು ತೆಳ್ಳಗೆ ಒಂದು ದಪ್ಪ ಇದ್ದರೆ ಕ್ಯಾಲಿಪರ್ ಸರಿಯಾಗಿ ಜಾರುತ್ತಿರಲಿಲ್ಲ. ಆದರೆ ಹಿಡಿದುಕೊಂಡ ಬ್ರೇಕ್ ಒಂದೇ ಟೈರಿನ ಒಂದೇ ಅಂಚನ್ನು ಸಾಮಾನ್ಯವಾಗಿ ತಿನ್ನುವುದಿಲ್ಲ. ಚಕ್ರ ಲಾಕ್ ಆಗಿ ಎಳೆದರೆ ಟೈರಿನ ಒಂದೇ ಜಾಗ ಚಪ್ಪಟೆಯಾಗುತ್ತದೆ, ಓಡುವಾಗ ಧಡ್ ಧಡ್ ಅನ್ನುತ್ತದೆ. ಒಳ ಅಂಚು ಮಾತ್ರ ಸವೆದರೆ ಆರ್ಮು, ಬುಷ್ಶು, ಆರ್ಮಿನ ತುದಿಯ ಬಾಲ್ ಜಾಯಿಂಟು, ಅಲೈನ್‌ಮೆಂಟು ಇವುಗಳ ಕಡೆಗೇ ಹೋಗಬೇಕು. ಎರಡೂ ಅಂಚು ಸವೆದರೆ ಗಾಳಿ ಕಮ್ಮಿ, ನಡುವೆ ಸವೆದರೆ ಗಾಳಿ ಜಾಸ್ತಿ. ಅಲ್ಲಲ್ಲಿ ಗುಳಿ ಬಿದ್ದರೆ ಶಾಕ್ ಅಬ್ಸಾರ್ಬರ್ ನೋಡಿಸು.

ಅಯ್ಯೋ, ಇದನ್ನು ಮೊದಲೇ ಹೇಳಬೇಕಿತ್ತು! ತಂತಿ ಏನಾದರೂ ಕಾಣುತ್ತಿದೆಯಾ? ಕಾಣುತ್ತಿದ್ದರೆ ಆ ಟೈರಲ್ಲಿ ಒಂದು ಹೆಜ್ಜೆಯೂ ಓಡಿಸಬೇಡ, ಸ್ಟೆಪ್ನಿ ಹಾಕಿ ಗ್ಯಾರೇಜಿಗೆ ಹೋಗು. ಕಾಣದಿದ್ದರೂ ಟೈರಿನ ಗೆರೆಗಳ ಒಳಗೆ ಸಣ್ಣ ಉಬ್ಬು ಇರುತ್ತದಲ್ಲ, 1.6 ಮಿಲಿಮೀಟರ್‌ನದು, ರಬ್ಬರ್ ಅದರ ಮಟ್ಟಕ್ಕೆ ಬಂದಿದ್ದರೆ ಆ ಟೈರಿನ ಕಥೆ ಮುಗಿಯಿತು. ಕಾರಣ ರಿಪೇರಿ ಆದ ಮೇಲೆ ಮುಂದಿನ ಎರಡನ್ನೂ ಒಟ್ಟಿಗೆ ಹಾಕಿಸು, ಆಮೇಲೆ ಅಲೈನ್‌ಮೆಂಟ್. ಹಿಂದುಮುಂದು ಮಾಡಬೇಡ. ಚಕ್ರ ನೋಡೋಕೆ ಬರೀ ಜಾಕ್ ಮೇಲೆ ನಿಲ್ಲಿಸಿ ಕಾರಿನ ಕೆಳಗೆ ತಲೆ ಹಾಕಬೇಡ, ಸ್ಟ್ಯಾಂಡ್ ಇಡು. ಇವತ್ತು ಸ್ಟಿಯರಿಂಗ್ ತಿರುಗಿಸಿಟ್ಟು ಆ ಒಳ ಅಂಚಿನ ಫೋಟೋ ಕಳಿಸು, ಬೆಳಕಿರುವಾಗಲೇ ತೆಗಿ. ಗ್ಯಾರೇಜಿಗೆ ಹೋಗುವಾಗ ಫೋನ್ ಮಾಡು, ಅವನ ಹತ್ತಿರ ನಾನೇ ಮಾತಾಡುತ್ತೇನೆ.